ಮೇಲಿನ ಗಾಳಿ, ಕೆಳಗಿನ ಕಣಜ

2010ರ ಬೇಸಿಗೆಯಲ್ಲಿ ಪಶ್ಚಿಮ ರಷ್ಯಾ ವಾರಗಟ್ಟಲೆ ಬಿಸಿಗಾಳಿಗೆ ಸಿಲುಕಿ ಬೆಂದಿತು. ಗೋಧಿಯ ಹೊಲಗಳು ಒಣಗಿದವು. ಅದೇ ವೇಳೆ ಪಾಕಿಸ್ತಾನದಲ್ಲಿ ಸಿಂಧೂ ನದಿ ಉಕ್ಕಿ ಹರಿದು ಸುಮಾರು 2 ಕೋಟಿ ಜನ ಸಂತ್ರಸ್ತರಾದರು. ಸಾವಿರಾರು ಕಿಲೋಮೀಟರ್ ಅಂತರದ ಈ ಎರಡು ವಿಪತ್ತುಗಳಿಗೆ ನಂಟಿತ್ತೆಂಬುದನ್ನು ಹವಾಮಾನ ತಜ್ಞರು ಬಳಿಕ ಗುರುತಿಸಿದರು. ಆ ನಂಟಿನ ಹೆಸರು ಜೆಟ್ ಸ್ಟ್ರೀಮ್.

ನೆಲದಿಂದ ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಸಾಗುವ ವಾಯುಪ್ರವಾಹವಿದು. ಉಷ್ಣವಲಯದ ಶಾಖಕ್ಕೂ ಧ್ರುವದ ಶೀತಕ್ಕೂ ಇರುವ ಅಂತರವೇ ಇದರ ಚಾಲಕಶಕ್ತಿ. ಇದು ನದಿಯಂತೆ ಬಳುಕುತ್ತದೆ. ಆ ಬಳುಕು ಒಂದೆಡೆ ನಿಂತುಬಿಟ್ಟರೆ ಅದರ ಕೆಳಗಿನ ಹವೆಯೂ ಕದಲುವುದಿಲ್ಲ. 2010ರಲ್ಲಿ ಆದದ್ದು ಇದೇ. ರಷ್ಯಾದ ಮೇಲೆ ಅಧಿಕ ಒತ್ತಡದ ವಲಯ ಬೀಡುಬಿಟ್ಟಿತು; ಅದರ ಪೂರ್ವ ಅಂಚಿನಲ್ಲಿ ದಕ್ಷಿಣಕ್ಕಿಳಿದ ಮೇಲ್ಗಾಳಿ ಮುಂಗಾರಿನ ತೇವಾಂಶವನ್ನು ಸಂಧಿಸಿ ಮಳೆಯನ್ನು ತೀವ್ರಗೊಳಿಸಿತು.

ಇದರಲ್ಲಿ ಮನುಷ್ಯನ ಪಾಲೆಷ್ಟು? 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಜಾಗತಿಕ ಸರಾಸರಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ವೇಗದಲ್ಲಿ ಕಾದಿದೆ. ಇದರಿಂದ ಶಾಖದ ಅಂತರ ತಗ್ಗಿ, ಪ್ರವಾಹ ನಿಧಾನವಾಗಿ ಹೆಚ್ಚು ಬಳುಕುತ್ತದೆಂಬುದು ಕೆಲವು ವಿಜ್ಞಾನಿಗಳ ವಾದ. ಮೇಲ್ಸ್ತರದಲ್ಲಿ ಉಷ್ಣವಲಯವೇ ಹೆಚ್ಚು ಕಾಯುವುದರಿಂದ ಅಲ್ಲಿ ಅಂತರ ಹಿಗ್ಗುತ್ತದೆಂಬುದು ಇತರರ ಪ್ರತಿವಾದ. ಈ ಚರ್ಚೆ ಮುಗಿದಿಲ್ಲ. ಆದರೆ ಒಂದು ಅಂಶ ನಿರ್ವಿವಾದ: ಪ್ರವಾಹ ಹೇಗೆಯೇ ಬಳುಕಲಿ, ಅದು ಹೊತ್ತು ತರುವ ಗಾಳಿ ಮೊದಲಿಗಿಂತ ಬಿಸಿ, ಪ್ರತಿ ಡಿಗ್ರಿ ಏರಿಕೆಗೆ ಸುಮಾರು ಶೇ 7ರಷ್ಟು ಹೆಚ್ಚು ತೇವಾಂಶವನ್ನು ಅದು ಹಿಡಿದಿಡಬಲ್ಲದು.

ಒಂದೆಡೆ ಬೆಳೆ ಕೈಕೊಟ್ಟರೆ ಇನ್ನೊಂದೆಡೆಯಿಂದ ತರಿಸಿಕೊಳ್ಳಬಹುದೆಂಬುದು ಅರ್ಥಶಾಸ್ತ್ರದ ಹಳೆಯ ಲೆಕ್ಕ. ದೂರದ ದೇಶಗಳ ನಷ್ಟಗಳು ಒಟ್ಟೊಟ್ಟಿಗೆ ಬರುವುದಿಲ್ಲವೆಂಬ ನಂಬಿಕೆಯೇ ಅದರ ತಳಹದಿ. 2010ರ ಆಗಸ್ಟ್‌ನಲ್ಲಿ ರಷ್ಯಾ ಧಾನ್ಯ ರಫ್ತು ನಿಷೇಧಿಸಿದಾಗ ವಿಶ್ವ ಮಾರುಕಟ್ಟೆಯಲ್ಲಿ ಗೋಧಿ ಬೆಲೆ ಗಗನಕ್ಕೇರಿತು. ಮಾರ್ಚ್‌ನ ಬಿಸಿಲಿಗೆ ಇಳುವರಿ ಕುಗ್ಗಿದಾಗ 2022ರ ಮೇ ತಿಂಗಳಲ್ಲಿ ಭಾರತವೂ ಅದೇ ಹಾದಿ ಹಿಡಿಯಿತು. ಅಭಾವದ ದಿನ ಎಲ್ಲರೂ ಬಾಗಿಲು ಮುಚ್ಚುತ್ತಾರೆ.

2024ರ ಏಪ್ರಿಲ್ ವೇಳೆಗೆ ನಮ್ಮ ಸರ್ಕಾರಿ ಗೋಧಿ ದಾಸ್ತಾನು ಸುಮಾರು 75 ಲಕ್ಷ ಟನ್‌ಗೆ ಕುಸಿದು, ನಿಗದಿತ ಕನಿಷ್ಠ ಪ್ರಮಾಣದ ಅಂಚಿಗೆ ಬಂದಿತ್ತು. ದಾಸ್ತಾನನ್ನು ಕೇವಲ ಸಬ್ಸಿಡಿಯ ಹೊರೆಯೆಂದು ಕಾಣುವವರು ಇದನ್ನು ಮರೆಯಬಾರದು. ವಿಜ್ಞಾನಿಗಳ ಅಂತಿಮ ತೀರ್ಪಿಗಾಗಿ ಕಾಯುವುದು ವಿವೇಕವಲ್ಲ. ಬೆಂಕಿ ಬೀಳುವುದು ಖಚಿತವಾದ ಮೇಲೆ ಯಾರೂ ವಿಮೆ ಮಾಡಿಸುವುದಿಲ್ಲ. ತುಂಬಿದ ಕಣಜ, ಶಾಖ ಸಹಿಸುವ ತಳಿ, ಇಂಗಾಲದ ಹೊಗೆಗೆ ಕಡಿವಾಣ: ಈ ಮೂರೂ ನಾವು ಈಗಲೇ ಕಟ್ಟಬೇಕಾದ ಕಂತುಗಳು.