ಮನೆಯ ಧೂಳಿನಲ್ಲೂ ಪ್ಲಾಸ್ಟಿಕ್: ಗುಡಿಸುವ ಮೊದಲು ಒಂದಿಷ್ಟು ತಿಳಿದಿರಲಿ

ಪ್ಲಾಸ್ಟಿಕ್ ಮಾಲಿನ್ಯ ಎಂದಾಕ್ಷಣ ಕರಾವಳಿಯವರಾದ ನಮಗೆ ನೆನಪಾಗುವುದು ಕಡಲ ತೀರ. ಬಲೆಗೆ ಮೀನಿನೊಂದಿಗೆ ಸಿಕ್ಕಿ ಬರುವ ತೊಟ್ಟೆಗಳು, ಮಳೆಗಾಲದಲ್ಲಿ ದಡಕ್ಕೆ ಬಂದು ಬೀಳುವ ಬಾಟಲಿಗಳು. ಆದರೆ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ನಮ್ಮ ಮಂಚದ ಅಡಿಯ ಧೂಳಿನಲ್ಲೇ ಇದೆ ಎಂದರೆ ಹಲವರಿಗೆ ಆಶ್ಚರ್ಯವಾದೀತು.

5 ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರುಗಳನ್ನು ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. 2004ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾನಿಲಯದ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು ಸಮುದ್ರದ ಬಗ್ಗೆ ಬರೆದ ಲೇಖನದಿಂದ ಈ ಹೆಸರು ಪ್ರಚಾರಕ್ಕೆ ಬಂತು. ಬಹಳ ಕಾಲ ಎಲ್ಲರ ಗಮನ ನೀರಿನ ಮೇಲೆಯೇ ಇತ್ತು. 2017ರಲ್ಲಿ ಪ್ರಕಟವಾದ ಪ್ಯಾರಿಸಿನ ಅಧ್ಯಯನವೊಂದು ಎರಡು ಮನೆ ಹಾಗೂ ಒಂದು ಕಚೇರಿಯ ಗಾಳಿಯನ್ನು ಪರೀಕ್ಷಿಸಿತು. ಒಂದು ಘನ ಮೀಟರ್ ಗಾಳಿಯಲ್ಲಿ 1ರಿಂದ 60ರಷ್ಟು ಸೂಕ್ಷ್ಮ ಎಳೆಗಳು ಸಿಕ್ಕಿದವು. ಹೊರಗಿನ ಗಾಳಿಯಲ್ಲಿ ಇದ್ದದ್ದು 0.3ರಿಂದ 1.5 ಮಾತ್ರ. ಒಳಗಿನ ಎಳೆಗಳಲ್ಲಿ ಹೆಚ್ಚಿನವು ಹತ್ತಿಯಂಥ ನೈಸರ್ಗಿಕ ನಾರು, ಶೇಕಡಾ 33ರಷ್ಟು ಪ್ಲಾಸ್ಟಿಕ್ ಅಂಶವಿರುವಂಥವು.

ಇವು ಎಲ್ಲಿಂದ ಬರುತ್ತವೆ? ಪಾಲಿಯೆಸ್ಟರ್ ಸೀರೆ, ಕಿಟಕಿಯ ಪರದೆ, ಸೋಫಾದ ಬಟ್ಟೆ, ಕಾರ್ಪೆಟ್, ಬಿಸಿಲಿಗೆ ಪುಡಿಯಾಗುವ ಪ್ಲಾಸ್ಟಿಕ್ ಕುರ್ಚಿ. ಉಡುವಾಗ, ಮಡಚುವಾಗ, ಕೊಡವುವಾಗ ಎಳೆಗಳು ಉದುರುತ್ತಲೇ ಇರುತ್ತವೆ.

ಚಿಂತೆ ಇರುವುದು ಮುಖ್ಯವಾಗಿ ಅಂಬೆಗಾಲಿಡುವ ಮಕ್ಕಳ ಬಗ್ಗೆ. ಅವರು ನೆಲದ ಮೇಲೆಯೇ ಇರುತ್ತಾರೆ, ಕೈ ಬಾಯಿಗೆ ಹೋಗುತ್ತದೆ. ಭಾರತವೂ ಸೇರಿ 12 ದೇಶಗಳ ಮನೆಧೂಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೂ, ದೇಹದ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹಸುಳೆಗಳ ಹೊಟ್ಟೆಗೆ ಹೆಚ್ಚು ಹೋಗುತ್ತದೆ ಎಂದಿತು.

ಹಾಗೆಂದು ಗಾಬರಿ ಬೇಡ. ಮನೆಯ ಧೂಳಿನಷ್ಟು ಪ್ರಮಾಣದಿಂದ ಇಂಥದ್ದೇ ಕಾಯಿಲೆ ಬರುತ್ತದೆ ಎಂದು ಸಾಬೀತಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2022ರ ವರದಿಯಲ್ಲಿ ಪುರಾವೆ ಸಾಲದು ಎಂದಿದೆ. ಆದರೆ ನೈಲಾನ್ ನೂಲಿನ ಪುಡಿ ತುಂಬಿದ ಅಮೆರಿಕ, ಕೆನಡಾದ ಕಾರ್ಖಾನೆಗಳಲ್ಲಿ ದುಡಿದವರಿಗೆ ಶ್ವಾಸಕೋಶದ ಕಾಯಿಲೆ ಬಂದದ್ದನ್ನು ವೈದ್ಯರು 1990ರ ದಶಕದಲ್ಲೇ ದಾಖಲಿಸಿದ್ದಾರೆ. ಉಸಿರಿನೊಂದಿಗೆ ಒಳಹೋಗುವುದನ್ನು ಕಡಿಮೆ ಮಾಡಿದರೆ ನಷ್ಟವೇನಿಲ್ಲ, ಉಬ್ಬಸದವರಿಗಂತೂ ಧೂಳು ಕಡಿಮೆಯಾದಷ್ಟೂ ಒಳ್ಳೆಯದೇ.

ಒಣ ಹಿಡಿಸೂಡಿಯಿಂದ ಜೋರಾಗಿ ಗುಡಿಸಿದರೆ ನೆಲದ ಧೂಳು ಗಾಳಿಗೆ ಏರುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದು ಉತ್ತಮ. ಗುಡಿಸಲೇಬೇಕಾದರೆ ಕಿಟಕಿ ತೆರೆದು, ಮಗುವನ್ನು ಬೇರೆ ಕೋಣೆಯಲ್ಲಿ ಬಿಟ್ಟು ಗುಡಿಸಿ. ಹಳೆಯ ಕೆಂಪು ಕಾವಿ ನೆಲವಿರುವ ಮನೆಯವರು ಈ ವಿಷಯದಲ್ಲಿ ಅದೃಷ್ಟವಂತರು, ಒಮ್ಮೆ ಒರೆಸಿದರೆ ಆಯಿತು! ಕಾರ್ಪೆಟ್ ಹಾಗಲ್ಲ. ಚರ್ಚಿನ ಪೀಠದ ಮುಂದಿನ ಕಾರ್ಪೆಟನ್ನು ಒಳಗೇ ಕೊಡವದೆ ಹೊರಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೊಡವಿದರೆ ಆ ಕೆಲಸ ಮಾಡುವವರಿಗೂ ಕ್ಷೇಮ. ಒಟ್ಟಾದ ಧೂಳನ್ನು ತೆಂಗಿನ ಬುಡದಲ್ಲಿ ಸುಡಬೇಡಿ. ಕಟ್ಟಿ ಕಸದ ಗಾಡಿಗೆ ಕೊಡಿ.