ಸೌರ ಫಲಕಕ್ಕೆ ಎಂಥ ಬೆಳಕು ಬೇಕು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಸೌರ ಫಲಕ ಕೊಳ್ಳಹೊರಟವರಿಗೆ ಮೊದಲು ಏಳುವ ಸಂಶಯ: ನಮ್ಮ ಮಳೆಗಾಲಕ್ಕೆ ಇದು ಆದೀತೇ? ಹಣ ಕೊಡುವ ಮುನ್ನ ಫಲಕಕ್ಕೆ ಎಂಥ ಬೆಳಕು ಬೇಕೆಂದು ತಿಳಿದಿರಿ.

ಬಿಸಿಲಿನಲ್ಲಿ ಕಾಮನಬಿಲ್ಲಿನ ಬಣ್ಣಗಳಲ್ಲದೆ ಕಣ್ಣಿಗೆ ಕಾಣದ ಕಿರಣಗಳೂ ಇವೆ. ಒಂದೊಂದಕ್ಕೂ ಒಂದೊಂದು ತರಂಗಾಂತರ. ಅದರ ಅಳತೆ ನ್ಯಾನೋಮೀಟರು. ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ನೀಲಿ ಸುಮಾರು 450, ಕೆಂಪು 650. ಕೆಂಪಿನಾಚೆ ಇರುವುದು ಅವಗೆಂಪು.

ಸಿಲಿಕಾನ್ ಕೋಶವು ಸುಮಾರು 1100 ನ್ಯಾನೋಮೀಟರಿನವರೆಗಿನ ಕಿರಣಗಳಿಂದ ಮಾತ್ರ ವಿದ್ಯುತ್ ತೆಗೆಯಬಲ್ಲದು. ಅದಕ್ಕೂ ಉದ್ದದ ಅಲೆಗಳಲ್ಲಿ ಕಸುವು ಸಾಲದು. ನೀಲಿಯಲ್ಲಿ ಕಸುವು ಬೇಕಾದ್ದಕ್ಕಿಂತ ಹೆಚ್ಚು. ಮಿಕ್ಕಿದ್ದು ಶಾಖವಾಗಿ ಪೋಲಾಗುತ್ತದೆ. ಕೋಶಕ್ಕೆ ಚೆನ್ನಾಗಿ ಒಗ್ಗುವುದು ಕೆಂಪು ಮತ್ತು ಅದರ ಪಕ್ಕದ ಅವಗೆಂಪು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕೋಶವು ಬಿಸಿಲಿನ ಶಕ್ತಿಯಲ್ಲಿ ಶೇಕಡ 6ರಷ್ಟನ್ನು ವಿದ್ಯುತ್ತಾಗಿಸಿತು. ಇಂದಿನ ಒಳ್ಳೆಯ ಫಲಕಗಳಲ್ಲಿ ಅದು ಶೇಕಡ 20ನ್ನು ದಾಟಿದೆ.

ಮೋಡದ ಮಾತು

ಮೋಡದ ನೀರು ಹೀರುವುದು ಹೆಚ್ಚಾಗಿ 1100ರ ಆಚೆಗಿನ ಕಿರಣಗಳನ್ನು. ಅವು ಕೋಶಕ್ಕೆ ಹೇಗೂ ಬೇಡ. ಆದ್ದರಿಂದ ಮಳೆಗಾಲದ ಕೊರತೆ ಬೆಳಕಿನ ಬಣ್ಣದ್ದಲ್ಲ, ಪ್ರಮಾಣದ್ದು. ದಟ್ಟ ಮೋಡದ ದಿನ ಉತ್ಪಾದನೆ ಬಿಸಿಲಿನ ದಿನದ ಹತ್ತರಲ್ಲೊಂದು ಪಾಲಿಗೂ ಇಳಿಯಬಹುದು. ಫಲಕ, ಬ್ಯಾಟರಿಗಳ ಗಾತ್ರವನ್ನು ಬೇಸಿಗೆಯ ಲೆಕ್ಕದಲ್ಲಲ್ಲ, ಆಷಾಢದ ಲೆಕ್ಕದಲ್ಲಿ ಗೊತ್ತುಮಾಡಿ.

ತೋಟದ ನೆರಳು

ಅಡಿಕೆ ಸೋಗೆ ತನ್ನ ಆಹಾರಕ್ಕೆ ನೀಲಿ, ಕೆಂಪು ಬೆಳಕನ್ನು ಹೀರಿ, ಅವಗೆಂಪನ್ನು ಬಹಳಮಟ್ಟಿಗೆ ಕೆಳಕ್ಕೆ ಬಿಡುತ್ತದೆ. ಹಾಗೆಂದು ಫಲಕವನ್ನು ಮರದಡಿ ಇಡಬೇಡಿ. ಅಲ್ಲಿಗೆ ತಲಪುವ ಒಟ್ಟು ಬೆಳಕು ತೀರ ಕಡಿಮೆ. ಕೋಶಗಳು ಸರಪಳಿಯಂತೆ ಜೋಡಣೆಯಾಗಿರುವುದರಿಂದ ಒಂದರ ಮೇಲೆ ಸೋಗೆಯ ನೆರಳು ಬಿದ್ದರೂ ಇಡೀ ಸಾಲು ಸೊರಗುತ್ತದೆ. ಬಸಿಗಾಲುವೆಯ ಒಂದೆಡೆ ಮಣ್ಣು ಕುಸಿದರೆ ಹರಿವೆಲ್ಲ ಕುಗ್ಗುವುದಿಲ್ಲವೇ, ಹಾಗೆ.

ನೀವು ಮಾಡಬೇಕಾದ್ದು

1. ಅಂಗಡಿಯ ಎಲ್‌ಇಡಿ ದೀಪದಡಿ ಫಲಕವನ್ನು ಪರೀಕ್ಷಿಸಬೇಡಿ. ಆ ಬೆಳಕು ಬಿಸಿಲಿನ ಮುಂದೆ ಬಲು ಕ್ಷೀಣ. ಅದರಲ್ಲಿ ಅವಗೆಂಪೂ ಇಲ್ಲವೆನ್ನುವಷ್ಟು ಕಡಿಮೆ. ಮಧ್ಯಾಹ್ನದ ಬಿಸಿಲಿನಲ್ಲಿ ಅಳೆಸಿ.

2. ಫಲಕವನ್ನು ದಕ್ಷಿಣಕ್ಕೆ ಮುಖಮಾಡಿ, ಸುಮಾರು 15 ಡಿಗ್ರಿ ಓರೆಯಾಗಿ ನಿಲ್ಲಿಸಿ. ಮಳೆನೀರೇ ಧೂಳನ್ನು ತೊಳೆದೀತು. ಪಾಚಿ ಕಟ್ಟಿದರೆ ಮೆತ್ತನೆಯ ಬಟ್ಟೆಯಿಂದ ಒರೆಸಿ.

3. ಹೆಂಚಿಗೂ ಫಲಕಕ್ಕೂ ನಡುವೆ ಗಾಳಿಯಾಡಲು ಜಾಗ ಬಿಡಿ. ಕೋಶದ ಶಾಖ 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಉತ್ಪಾದನೆ ಶೇಕಡ 0.3ರಿಂದ 0.5ರಷ್ಟು ತಗ್ಗುತ್ತದೆ.

ಫಲಕ ಬೇಡುವುದು ಬೆಳಕನ್ನು, ಸೆಕೆಯನ್ನಲ್ಲ. ಮಳೆ ಹೊಳವಾದ ತಂಪು ಹಗಲು ನಿಮ್ಮ ಪಾಲಿಗೆ ಲಾಭದ ಹಗಲು.