ಕೊಳಗದಿಂದ ಮತಪೆಟ್ಟಿಗೆಗೆ

‘ಸಾಗರ–ಹೊಸನಗರ’ ಎಂಬ ಜೋಡುಹೆಸರನ್ನು ಇಂದಿನ ವಿಧಾನಸಭಾ ಕ್ಷೇತ್ರಗಳ ಪಟ್ಟಿಯಲ್ಲಿ ಅರಸಿದರೆ ದೊರೆಯದು. ಅನಂತರ ಪ್ರತ್ಯೇಕವಾಗಿದ್ದ ಹೊಸನಗರ ಕ್ಷೇತ್ರವೂ 2008ರಲ್ಲಿ ಅಳಿದು, ಆ ತಾಲ್ಲೂಕು ಸಾಗರ, ತೀರ್ಥಹಳ್ಳಿ ಕ್ಷೇತ್ರಗಳಿಗೆ ಹಂಚಿಹೋಯಿತು. ಆದರೆ 1952ರ ಪ್ರಥಮ ಸಾರ್ವತ್ರಿಕ ಚುನಾವಣೆಯಲ್ಲಿ ಮಲೆನಾಡಿನ ಈ ಕ್ಷೇತ್ರ ಮಾಡಿದ ಕೆಲಸ ಸಾಮಾನ್ಯವಾದುದಲ್ಲ.

ಅದರ ಬೀಜ ಬಿದ್ದುದು ಸಾಗರದ ಸಮೀಪದ ಕಾಗೋಡಿನಲ್ಲಿ. ಗೇಣಿಯ ಭತ್ತವನ್ನು ಅಳೆಯುವ ಕೊಳಗ ಮೂರು ಸೇರಿನದಾಗಿರಬೇಕು, ಅದನ್ನು ಮೀರಬಾರದು ಎಂಬುದು ಗೇಣಿದಾರರ ಬೇಡಿಕೆ. ಅವರಲ್ಲಿ ಬಹುಮಂದಿ ದೀವರು. ಕೊಳಗಕ್ಕೆ ಅರ್ಧ ಸೇರು ಹೆಚ್ಚಾದರೆ ಏನು ಮಹಾ ಎಂದು ಪೇಟೆಯ ವಾಚಕರು ಕೇಳಿಯಾರು. ನೂರು ಕೊಳಗ ಅಳೆದುಕೊಡುವವನಿಗೆ ಅದು ಐವತ್ತು ಸೇರು ಭತ್ತ. ಮಳೆಗಾಲದಲ್ಲಿ ಮನೆಮಂದಿಯ ಗಂಜಿ! ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ಸಮಾಜವಾದಿಗಳು ಅದಕ್ಕೆ ಬೆಂಬಲವಾಗಿ ನಿಂತರು, ಜೂನ್‌ನಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು.

ವರ್ಷ ಕಳೆಯುವುದರೊಳಗೆ ಚುನಾವಣೆ. ಅಂದು ಮತಪತ್ರಕ್ಕೆ ಮುದ್ರೆಯೊತ್ತುವ ಗೊಡವೆ ಇರಲಿಲ್ಲ. ಅಭ್ಯರ್ಥಿಗೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಒಂದರ ಮೇಲೆ ಕಾಂಗ್ರೆಸ್ಸಿನ ಜೋಡೆತ್ತು, ಇನ್ನೊಂದರ ಮೇಲೆ ಸಮಾಜವಾದಿ ಪಕ್ಷದ ಆಲದ ಮರ. ಒಡೆಯರ ಅಂಗಳದಲ್ಲಿ ತಲೆ ತಗ್ಗಿಸಿ ಭತ್ತ ಸುರಿಯುತ್ತಿದ್ದ ಕೈ ಮರೆಯಲ್ಲಿ ನಿಂತು ತನಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿತು. ಇನ್ನೂ ಮೂವತ್ತು ತುಂಬದ ಶಾಂತವೇರಿ ಗೋಪಾಲಗೌಡರು ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣರನ್ನು ಸೋಲಿಸಿದರು. 99 ಸ್ಥಾನಗಳ ಆ ಸಭೆಯಲ್ಲಿ ಅವರ ಪಕ್ಷಕ್ಕೆ ದೊರೆತವು ಮೂರೇ ಸ್ಥಾನ.

ವಿಚಿತ್ರವೆಂದರೆ, ಅದೇ ಚುನಾವಣೆಯಲ್ಲಿ ಶಿವಮೊಗ್ಗ ಲೋಕಸಭಾ ಕ್ಷೇತ್ರದಿಂದ ಗೆದ್ದವರು ಕಾಗೋಡಿನ ಜಮೀನ್ದಾರರಾದ ಕೆ.ಜಿ. ಒಡೆಯರ್! ಗೇಣಿದಾರರ ಪಕ್ಷದ ದನಿ ಬೆಂಗಳೂರಿಗೆ, ಭೂಮಾಲಿಕರು ದಿಲ್ಲಿಗೆ.

1957ರಲ್ಲಿ ಗೌಡರು ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದು ಬಂದರು. ಉಳುವವನಿಗೇ ನೆಲ ಕೊಡುವ ತಿದ್ದುಪಡಿ ಜಾರಿಗೆ ಬಂದದ್ದು ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ. ಅದನ್ನು ಕಾಣಲು ಗೌಡರು ಇರಲಿಲ್ಲ. 1972ರ ಜೂನ್‌ನಲ್ಲಿಯೇ ತೀರಿಕೊಂಡಿದ್ದರು. ಅಷ್ಟರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಹತ್ತು ವರ್ಷಗಳಾಗಿದ್ದವು. ಸಾಗರ, ಹೊಸನಗರ ಎರಡೂ ತಾಲ್ಲೂಕುಗಳ ಅನೇಕ ಹಳ್ಳಿಗಳು ಮುಳುಗಿದ್ದವು. ಆ ಹಳ್ಳಿಗಳ ಗೇಣಿದಾರನು ತಾನು ಉತ್ತ ಗದ್ದೆಗೆ ಹಕ್ಕು ಕೇಳೋಣವೆಂದರೆ ಗದ್ದೆ ನೀರಿನಡಿಯಲ್ಲಿತ್ತು.